ಹುಣ್ಣಿಮೆ ಸಂಜೆ ಕಾಂಡ್ಲಾ ಒಳಗೆ ದೋಣಿ ಬೇಡ (ಅಘನಾಶಿನಿ ಪ್ಲಾನಿಗೆ ಉತ್ತರ)

ಮೇಲೆ ಪ್ಲಾನ್ ಹಾಕಿದವರಿಗೆ ಒಂದು ಮಾತು. ಹುಣ್ಣಿಮೆ ಶನಿವಾರ ಮಧ್ಯಾಹ್ನ 2 ಗಂಟೆಗೆ ಕುಮಟಾ ತಲುಪೋದು, ಊಟ ಮುಗಿಸಿ 3ಕ್ಕೆ ಅಘನಾಶಿನಿ ಹೊಳೆಯಲ್ಲಿ ದೋಣಿ ಹತ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹೋಗೋದು, ಸಂಜೆ ಅಳಿವೆ ಹತ್ತಿರ ಮರಳಿಗೆ ಕಾರು ಇಳಿಸಿ ಮಕ್ಕಳನ್ನು ಈಜಲು ಬಿಡೋದು. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ದೋಣಿ ಹತ್ತಿದ್ದು, ಮರಳಿಗೆ ಕಾರು ಇಳಿಸಿದ್ದು, ಎರಡನ್ನೂ ನಾನೇ ಮಾಡಿದ್ದೇನೆ. ಅದೂ ಹುಣ್ಣಿಮೆಯ ದಿನವೇ.

ಕೆಳಗೆ ನಾಲ್ಕು ಜನ ‘ಸೂಪರ್ ಪ್ಲಾನ್’ ಅಂತ ಹೃದಯ ಒತ್ತಿದ್ದಾರೆ. ಒಬ್ಬರಾದರೂ ‘ಅವತ್ತು ನೀರು ಎಷ್ಟೊತ್ತಿಗೆ’ ಅಂತ ಕೇಳಬೇಕಿತ್ತು ಅಲ್ವಾ?

ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ದಿನ ಉಬ್ಬರ ಪೂರ್ತಿ ಏರಿರುವುದು ಹೆಚ್ಚುಕಮ್ಮಿ 11ರಿಂದ 12ರ ಒಳಗೆ, ಹಗಲೂ ರಾತ್ರಿಯೂ. ಇಳಿತ ಬೆಳಗಿನ ಜಾವ 5ರ ಆಚೀಚೆ, ಮತ್ತೆ ಸಂಜೆ 5ರ ಆಚೀಚೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಅಷ್ಟಮಿ ಹೊತ್ತಿಗೆ ಲೆಕ್ಕ ತಿರುಗುಮುರುಗು: ಮಧ್ಯಾಹ್ನ ಇಳಿತ, ಸಂಜೆ ಉಬ್ಬರ. ಮನೆಯಲ್ಲಿ ತಿಥಿ ಹಾಕಿರೋ ಕ್ಯಾಲೆಂಡರ್ ಇದ್ದರೆ ಇಷ್ಟು ಲೆಕ್ಕ ಬೆರಳಲ್ಲೇ ಆಗುತ್ತದೆ. ಇನ್ನೊಂದು ವಿಷಯ. ಹುಣ್ಣಿಮೆಗೆ ನೀರು 2 ಮೀಟರ್ ಹತ್ತಿರ ಏರಿಳಿಯುತ್ತದೆ, ಅಷ್ಟಮಿಗೆ ಅದರ ಅರ್ಧ ಇರುವುದೂ ಕಷ್ಟ. ಅಂದರೆ ನೀವು ಆರಿಸಿರೋದು ನೀರು ಅತಿ ಜಾಸ್ತಿ ಹಿಂದೆ ಸರಿಯುವ ಸಂಜೆಯನ್ನು.

ಇನ್ನು ನನ್ನ ಕತೆ. ಕೆಲವು ವರ್ಷದ ಹಿಂದೆ, ಡಿಸೆಂಬರ್. ನಾವು ಮೂವರು, ಎಲ್ಲರ ಹತ್ತಿರ ದೊಡ್ಡ ಲೆನ್ಸು. ಸಂಜೆಯ ಬಂಗಾರದ ಬೆಳಕಲ್ಲಿ ಕಾಂಡ್ಲಾ ಬೇರು, ಅದರ ಮೇಲೆ ಮಿಂಚುಳ್ಳಿ, ಇದೇ ಕನಸು. ಎರಡೂವರೆಗೆ ದೋಣಿಯವರನ್ನು ಕೇಳಿದೆವು. ‘ಈಗ ಬೇಡ, ನೀರು ಇಳೀತಾ ಇದೆ, ಬೆಳಿಗ್ಗೆ ಎಂಟೂವರೆಗೆ ಬನ್ನಿ’ ಅಂದರು. ‘ಬೆಳಿಗ್ಗೆ ನಾವು ಹೊರಡಬೇಕು, ಅರ್ಧ ಗಂಟೆ ಸಾಕು’ ಅಂತ ನಾನೇ ಹಠ ಮಾಡಿದೆ. ಇನ್ನೂ 200 ರೂಪಾಯಿ ಜಾಸ್ತಿ ಕೊಡ್ತೀನಿ ಅಂದೆ. ಬುದ್ಧಿ ಹೇಳಿದವರನ್ನು ದುಡ್ಡು ಕೊಟ್ಟು ಸುಮ್ಮನಾಗಿಸಿದ್ದು ನಾನು, ತಪ್ಪು ಅವರದ್ದಲ್ಲ.

ಒಳಗೆ ಹೋಗುವಾಗ ಏನೂ ಗೊತ್ತಾಗಲಿಲ್ಲ. ಕವಲು ಕಿರಿದಾಗುತ್ತಾ ಹೋಯಿತು, ಎರಡೂ ಕಡೆ ಬೇರುಗಳು ಕೊಡೆಯ ಕಡ್ಡಿ ಹಾಗೆ ಬಾಗಿ ನಿಂತಿದ್ದವು. ನಾವು ಕ್ಯಾಮೆರಾದ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ನಾಲ್ಕು ಗಂಟೆ ಹೊತ್ತಿಗೆ ದೋಣಿಯ ತಳ ಕೆಸರಿಗೆ ‘ಸರ್’ ಅಂತ ತಾಗಿತು. ಕೋಲು ಹಾಕಿ ನೂಕಿದರೆ ಕೋಲೇ ಒಳಗೆ ಹೋಗುತ್ತಿದೆ. ಹತ್ತು ನಿಮಿಷದಲ್ಲಿ ಸುತ್ತ ನೀರೇ ಇಲ್ಲ, ಹೊಳೆಯುವ ಕರೀ ಕೆಸರು ಅಷ್ಟೇ.

ನಾನು ಶೂರ. ಇಳಿದು ತಳ್ಳುತ್ತೇನೆ ಅಂತ ಕಾಲಿಟ್ಟೆ, ತೊಡೆವರೆಗೆ ಹೋಯಿತು. ದುಬಾರಿ ಟ್ರೆಕಿಂಗ್ ಚಪ್ಪಲಿ ಅಲ್ಲೇ ಸಮಾಧಿ. ಕೆಸರಿನ ಅಡಿಯಲ್ಲಿ ಕಲ್ವ ಚಿಪ್ಪು ಇರುತ್ತದೆ, ಬ್ಲೇಡಿನ ಹಾಗೆ. ಹಿಮ್ಮಡಿ ಉದ್ದಕ್ಕೆ ಸೀಳಿತು. ಆ ಗಾಯ ಕೀವಾಗಿ ಎರಡು ವಾರ ಕುಂಟಿದ್ದೇನೆ. ದೂರದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಬುಟ್ಟಿ ಹೊತ್ತು ಅದೇ ಬಯಲಲ್ಲಿ ಅಂಗಳದಲ್ಲಿ ನಡೆದ ಹಾಗೆ ನಡೆದು ಹೋಗುತ್ತಿದ್ದರು. ಕೆಸರಿನ ಅಡಿ ಎಲ್ಲಿ ಗಟ್ಟಿ ಮರಳಿದೆ ಅಂತ ಅವರ ಕಾಲಿಗೆ ಗೊತ್ತು. ಒಬ್ಬರು ನಮ್ಮನ್ನು ನೋಡಿ ನಕ್ಕು, ‘ಇಳೀಬೇಡಿ, ಕೂತ್ಕಳಿ, ನೀರು ಬರ್ತದೆ’ ಅಂದರು.

ಬಂತು. ಏಳೂ ಮುಕ್ಕಾಲಿಗೆ. ಅಲ್ಲಿವರೆಗೆ ನುಸಿ ನಮ್ಮನ್ನು ಹಬ್ಬದೂಟ ಮಾಡಿದವು. ಕೆಸರಿನಿಂದ ಚಟಚಟ ಅಂತ ಸದ್ದು ಬರುತ್ತಿತ್ತು, ಅದು ಸಣ್ಣ ಸಿಗಡಿಗಳು ಚಿಮಟ ಸಿಡಿಸೋದಂತೆ. ಕಾಂಡ್ಲಾ ಮೇಲೆ ಹುಣ್ಣಿಮೆ ಚಂದ್ರ ಎದ್ದ, ತಟ್ಟೆಯಷ್ಟು ದೊಡ್ಡದು. ಮೂರು ಲಕ್ಷದ ಕ್ಯಾಮೆರಾ ಸಾಮಾನು ಮಡಿಲಲ್ಲಿದೆ, ಒಬ್ಬರಿಗೂ ಫೋಟೋ ತೆಗೆಯೋ ಮನಸ್ಸಿಲ್ಲ.

ಆ ಮೇಲೆ ನನ್ನ ನಿಯಮ ಒಂದೇ: ಏರುವ ನೀರಲ್ಲಿ ಒಳಗೆ, ಇಳಿಯೋಕೆ ಮುಂಚೆ ಹೊರಗೆ. ಏರುವಾಗ ದೋಣಿ ತಾಗಿದರೂ ಹತ್ತು ನಿಮಿಷಕ್ಕೆ ನೀರೇ ಎತ್ತಿ ಬಿಡುತ್ತದೆ. ನಿಮ್ಮ ಹುಣ್ಣಿಮೆ ಶನಿವಾರವೇ ಆಗಬೇಕು ಅಂದರೆ ಶುಕ್ರವಾರ ರಾತ್ರಿಯೇ ಕುಮಟಾಕ್ಕೆ ಬನ್ನಿ, ರೈಲಿದೆ, ಬಸ್ಸಿದೆ. ಬೆಳಿಗ್ಗೆ 7ರಿಂದ ದಡದಲ್ಲಿ ನಿಂತು ಹಕ್ಕಿ ನೋಡಿ. ನೀರು ಏರಿದ ಹಾಗೆ ಕೆಸರು ಬಯಲು ಕಿರಿದಾಗುತ್ತದೆ, ದೂರ ಇದ್ದ ಹಕ್ಕಿಗಳು ತಾವೇ ಹತ್ತಿರ ಬರುತ್ತವೆ. ಅವುಗಳ ಹಿಂದೆ ಕೆಸರಲ್ಲಿ ತೆವಳೋದು ಬೇಕಿಲ್ಲ. 9ಕ್ಕೆ ದೋಣಿ ಹತ್ತಿ, 11ಕ್ಕೆ ವಾಪಸ್ ಬನ್ನಿ. ‘ಬೆಳಕು ಗಡುಸಾಗುತ್ತೆ’ ಅಂತ ಗೊಣಗಬೇಡಿ. ಕಾಂಡ್ಲಾ ಒಳಗೆ ಹೇಗೂ ನೆರಳು. ಸಂಜೆಯೇ ದೋಣಿ ಬೇಕು ಅಂದರೆ ಅಷ್ಟಮಿ, ನವಮಿ ನೋಡಿ ರಜೆ ಹಾಕಿ.

ಆದರೆ ಬೆರಳ ಲೆಕ್ಕ ನಂಬಿ ಹೊರಡಬೇಡಿ, ಅದು ಪ್ಲಾನ್ ಮಾಡೋಕೆ ಮಾತ್ರ. ಹೋಗುವ ದಿನದ್ದು ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ. ಅದೂ ಸಮುದ್ರದ ಲೆಕ್ಕ. ಹೊಳೆಯೊಳಗೆ ಮಿರ್ಜಾನ್ ಕಡೆ ಹೋದಷ್ಟೂ ತಡ ಆಗುತ್ತದೆ. ದೋಣಿಯವರ ಮಾತಿಗೂ ಪಟ್ಟಿಗೂ ಜಗಳ ಬಂದರೆ ದೋಣಿಯವರದ್ದೇ ಸರಿ. ಅಘನಾಶಿನಿಗೆ ಅಣೆಕಟ್ಟು ಇಲ್ಲ, ಆದ್ದರಿಂದ ಬೇಸಿಗೆಯಲ್ಲಿ ಲೆಕ್ಕ ಸರಳ. ಶರಾವತಿ ಕಡೆ ಹೋದರೆ ಮೇಲೆ ವಿದ್ಯುತ್ತಿಗೆ ಬಿಡುವ ನೀರೂ ಇರುತ್ತದೆ, ಅಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ. ಮಳೆಗಾಲದಲ್ಲಿ ಯಾವ ಲೆಕ್ಕವೂ ಬೇಡ, ಹೋಗಲೇ ಬೇಡಿ.

ಈಜು. ಅಳಿವೆಯಲ್ಲಿ ಬೇಡ, ಬೇಡ, ಬೇಡ. ನೀರು ಇಳಿಯುವಾಗ ಇಡೀ ಹೊಳೆ ಆ ಒಂದು ಬಾಯಿಯಿಂದ ಸಮುದ್ರಕ್ಕೆ ಓಡುತ್ತದೆ. ಮೇಲೆ ನೋಡಿದರೆ ನಯವಾಗಿ ಕಾಣುತ್ತದೆ, ಅದೇ ಮೋಸ. ಲೈಫ್‌ಗಾರ್ಡ್ ಇಲ್ಲ, ಕೂಗಿದರೆ ಕೇಳುವ ಅಂಗಡಿಯೂ ಇಲ್ಲ. ಮಕ್ಕಳಿಗೆ ಕಿರುಬೇಲೆ ಕಡಲ ದಂಡೆ ಸಾಕು. ಮೊಣಕಾಲುದ್ದ ನೀರಲ್ಲಿ ಆಡಲಿ, ದೊಡ್ಡವರೊಬ್ಬರು ಫೋನ್ ಜೇಬಿಗೆ ಹಾಕಿ ಪಕ್ಕದಲ್ಲಿ ನಿಲ್ಲಲಿ. ಹುಣ್ಣಿಮೆ ಸಂಜೆ ಮರಳು ಅಗಲವಾಗಿ ತೆರೆದಿರುತ್ತದೆ, ನಡೆಯೋಕೆ, ಸೂರ್ಯಾಸ್ತಕ್ಕೆ ಅದೇ ಚಂದ. ಬಂಡೆ ನಡುವಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು ನೋಡಬಹುದು. ಆಳವಿಲ್ಲದ ಮರಳು ನೀರಲ್ಲಿ ಕಾಲು ಎತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ. ತೊರಕೆ (ಬಾಲದಲ್ಲಿ ವಿಷಮುಳ್ಳಿರುವ ಚಪ್ಪಟೆ ಮೀನು) ಮರಳಲ್ಲಿ ಹೂತುಕೊಂಡಿರುತ್ತದೆ, ಸದ್ದಾದರೆ ಅದೇ ಹೋಗುತ್ತದೆ. ಬಾಲದ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲಿಟ್ಟು, ನೇರ ಆಸ್ಪತ್ರೆಗೆ.

ಕಾರು ರಸ್ತೆಯಲ್ಲೇ ಇರಲಿ. ನಮ್ಮದು ಅವತ್ತು ದಡದ ಮರಳಲ್ಲಿ ನಿಂತಿತ್ತು, ದೋಣಿಯಿಂದ ಬಂದು ನೋಡಿದರೆ ಹಿಂದಿನ ಚಕ್ರ ಹೂತಿದೆ, ನೀರು ಬೇರೆ ಏರುತ್ತಿದೆ. ಟೈರಿನ ಗಾಳಿ ಇಳಿಸಿ, ಮರಳು ಬಗೆದು, ಅಡಿಗೆ ತೆಂಗಿನ ಮಡಲು ಕೊಟ್ಟು ಊರಿನವರೇ ಎತ್ತಿದರು. ಎಕ್ಸಲರೇಟರ್ ಒತ್ತಿದಷ್ಟೂ ಇನ್ನೂ ಹೂಳುತ್ತದೆ, ತಿಳಿದಿರಲಿ. ನಾಲ್ಕು ಚಕ್ರದ ಡ್ರೈವ್ ಇದೆ ಅನ್ನೋ ಜಂಬ ಅಲ್ಲಿ ನಡೆಯಲ್ಲ. ಮನೆಗೆ ಬಂದ ಮೇಲೆ ಅಡಿಭಾಗ ಸಿಹಿನೀರಲ್ಲಿ ತೊಳೆಸಿ. ಬೈಕಿನವರು ಗೋಕರ್ಣದಿಂದ ಬರುವುದಾದರೆ ತದಡಿಯಲ್ಲಿ ದೋಣಿ ಹತ್ತಿ ಹೊಳೆ ದಾಟಿಬಿಡಿ, ಸುತ್ತು ತಪ್ಪುತ್ತದೆ.

ಕಾಲಿಗೆ ಏನು ಅಂದರೆ, ಲೇಸ್ ಇರುವ ಹಳೇ ಕ್ಯಾನ್ವಾಸ್ ಶೂ. ಬಾಟಾದ ಬಿಳಿ ಪಿಟಿ ಶೂ ನನಗೆ ಇವತ್ತಿಗೂ ಸರಿ. ಬಿಗಿಯಾಗಿ ಕಟ್ಟಿದರೆ ಕೆಸರು ಕಿತ್ತುಕೊಳ್ಳಲ್ಲ, ಚಿಪ್ಪೂ ತಾಗಲ್ಲ. ಕ್ರಾಕ್ಸ್ ಥರದ್ದು ಕೆಸರಿಗೆ ಕೊಟ್ಟ ದಾನ. ನುಸಿಗೆ ಒಡೋಮಸ್ ಆಗುತ್ತದೆ, ಆದರೆ ಬೆವರಲ್ಲಿ ಬೇಗ ಹೋಗುತ್ತದೆ. ಉದ್ದ ತೋಳಿನ ಅಂಗಿಗೆ ಸಮ ಯಾವುದೂ ಇಲ್ಲ. ಲೆನ್ಸಿಗೆ ಉಪ್ಪು ಕೂತರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಗಾಳಿ ಊದಿ, ಆಮೇಲೆ ತೇವದ ಬಟ್ಟೆ. ನೀರು, ತಿಂಡಿ, ನಗದು ಕುಮಟಾದಲ್ಲೇ ತೆಗೆದುಕೊಳ್ಳಿ. ಖಾಲಿ ಬಾಟಲಿ ವಾಪಸ್ ತನ್ನಿ, ಅಲ್ಲಿ ಕಸದ ಗಾಡಿಗಾಗಿ ಯಾರೂ ಕಾಯ್ತಾ ಕೂತಿಲ್ಲ.

ಕೆಸರಿಂದ ಮೊಳೆ ಹಾಗೆ ಎದ್ದಿರೋದು ಕಸ ಅಲ್ಲ, ಉಪ್ಪಟಿ ಮರದ ಉಸಿರು ಬೇರು. ಕೊಂಬೆಗೆ ನೇತಾಡುವ ಉದ್ದ ಕೋಡು ಕಾಯಿ ಅಲ್ಲ, ಮರದಲ್ಲೇ ಮೊಳೆತ ಸಸಿ. ಕಳೆದ ಸಲ ಒಬ್ಬರು ಅದನ್ನು ಕಿತ್ತು ಕತ್ತಿ ಆಟ ಆಡಿದ ವಿಡಿಯೋ ಇದೇ ಗುಂಪಲ್ಲಿ ಹಾಕಿದ್ದರು, ನನಗೆ ಮೈ ಉರಿಯಿತು. ಈ ಅಳಿವೆ 4,801 ಹೆಕ್ಟೇರ್, 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ. ಬೋರ್ಡ್ ಇಲ್ಲ ಅಂತ ಯಾರದ್ದೂ ಅಲ್ಲ ಅಂದುಕೊಳ್ಳಬೇಡಿ. ಗಜನಿ ಗದ್ದೆಯ (ಅಳಿವೆ ಬದಿಯ ತಗ್ಗು ಗದ್ದೆ) ಏರಿ ಮೇಲೆ ಹೋಗುವಾಗಲೂ ಕೇಳಿ ಹೋಗಿ. ಏರಿ ಕುಸಿದರೆ ಉಪ್ಪುನೀರು ನುಗ್ಗುತ್ತದೆ. ಕಗ್ಗ ಭತ್ತ ಉಪ್ಪು ತಡೆಯುತ್ತದೆ ನಿಜ, ಅದಕ್ಕೂ ಒಂದು ಮಿತಿ ಇದೆ. ಮಾಣಿಕಟ್ಟಾ ಕಡೆ ಕಗ್ಗದ ಅಕ್ಕಿ ಸಿಕ್ಕರೆ ಎರಡು ಕೆಜಿ ತನ್ನಿ, ಗಂಜಿ ಮಾಡಿದರೆ ಗೊತ್ತಾಗುತ್ತದೆ.

ಬಳಚು ಕೊಳ್ಳೋದಾದರೆ ಹೆಕ್ಕಿದವರ ಹತ್ತಿರವೇ ಕೊಳ್ಳಿ, ಚೌಕಾಸಿ ಬೇಡ. ಗಂಟೆಗಟ್ಟಲೆ ಸೊಂಟದುದ್ದ ನೀರಲ್ಲಿ ನಿಂತು ತೆಗೆದದ್ದು ಅದು. ಉಪ್ಪುನೀರಲ್ಲಿ ಎರಡು ಮೂರು ಗಂಟೆ ನೆನೆಹಾಕಿದರೆ ಮರಳು ಉಗುಳುತ್ತದೆ. ಬಾಯಿ ಬಿಟ್ಟದ್ದು ತಟ್ಟಿದರೂ ಮುಚ್ಚದಿದ್ದರೆ ಎಸೆಯಿರಿ. ಬೇಯಿಸಿದ ಮೇಲೂ ಬಾಯಿ ಬಿಡದಿದ್ದರೆ ಅದನ್ನೂ ಎಸೆಯಿರಿ. ಬೆಂಗಳೂರಿಗೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ತರುವ ಸಾಹಸ ಬೇಡ.

ಮಕ್ಕಳು ತುಂಬಾ ಚಿಕ್ಕವರಾದರೆ ದೋಣಿ ಬಿಟ್ಟುಬಿಡಿ. ಹೊನ್ನಾವರದ ಕಾಸರಕೋಡಲ್ಲಿ ಶರಾವತಿ ಕಾಂಡ್ಲಾ ವನದ ನಡುವೆ ಅಟ್ಟಣಿಗೆ ದಾರಿ ಕಟ್ಟಿದ್ದಾರೆ, ಕಾಲು ಒದ್ದೆಯಾಗದೆ ನೋಡಬಹುದು. ಅಲ್ಲಿ ಜನ ಜಾಸ್ತಿ, ನನಗೆ ಅಷ್ಟು ಇಷ್ಟ ಇಲ್ಲ, ಆದರೆ ಮಕ್ಕಳಿಗೆ ಸರಿ.

ನಿಮ್ಮ ಹೊಸ ತಾರೀಕು ಹಾಕಿ, ತಿಥಿ ಸಮೇತ. ನೀರಿನ ಹೊತ್ತು ನೋಡಿ ಹೇಳುತ್ತೇನೆ.