ಹದಿನೆಂಟು ತುಂಬಿದ ಮಗಳ ಮದುವೆಗೆ ತಂದೆ-ತಾಯಿಯ ಒಪ್ಪಿಗೆ ಕಡ್ಡಾಯವೇ?

ಕಡ್ಡಾಯವಲ್ಲ. ಕಾನೂನಿನ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿದ್ದರೆ, ಬೇರೆ ಕಾನೂನಿನ ತೊಡಕಿಲ್ಲದಿದ್ದರೆ, ಅವರಿಬ್ಬರ ಒಪ್ಪಿಗೆಯೇ ಸಾಕು.

ಇದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಉಪನ್ಯಾಸಕಿಯೊಬ್ಬರು ಮನೆಯವರಿಗೆ ತಿಳಿಸದೆ ಮದುವೆಯಾದಾಗ, ತಂದೆ ಮಗಳು ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟರು. ಮದುವೆಯಾಗಿದೆ ಎಂದು ಗೊತ್ತಾದ ಮೇಲೂ ತನಿಖಾಧಿಕಾರಿ, ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಪಟ್ಟು ಹಿಡಿದರು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದುಪಡಿಸಿತು. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಇಂಥ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ತರಬೇತಿ ಬೇಕು ಎಂದೂ ಹೇಳಿತು. ನನ್ನ ದೃಷ್ಟಿಯಲ್ಲಿ ತೀರ್ಪಿನ ಅತಿ ಮುಖ್ಯ ಮಾತು ಇದೇ. ಏಕೆಂದರೆ ಹೆಣ್ಣುಮಕ್ಕಳು ಮೊದಲು ಎದುರಿಸುವುದು ನ್ಯಾಯಾಲಯವನ್ನಲ್ಲ, ಠಾಣೆಯನ್ನು.

ಆಸ್ತಿಯ ಬೆದರಿಕೆಯೂ ಸಾಮಾನ್ಯ. ತಂದೆ ತಾನು ದುಡಿದು ಗಳಿಸಿದ್ದನ್ನು ಉಯಿಲು ಬರೆದು ಯಾರಿಗಾದರೂ ಕೊಡಬಹುದು. ಆದರೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಕೊಟ್ಟ ಪಾಲನ್ನು, ಅವಳು ಇಷ್ಟಪಟ್ಟ ಹಿಂದೂ ಹುಡುಗನನ್ನು ಮದುವೆಯಾದಳೆಂಬ ಸಿಟ್ಟಿಗೆ ಕಸಿಯಲಾಗದು. ಅಂತರಧರ್ಮೀಯ ಮದುವೆಯಾದರೆ ಲೆಕ್ಕ ಬೇರೆ. ಮೊದಲೇ ವಕೀಲರನ್ನು ಕೇಳಿ.

ಯಾವುದೇ ಧರ್ಮದವರು ನೋಂದಣಿ ಮೂಲಕ ಮದುವೆಯಾಗಬಹುದಾದ ವಿಶೇಷ ವಿವಾಹ ಕಾಯ್ದೆಯಡಿ 30 ದಿನಗಳ ನೋಟಿಸ್ ಅವಧಿ ಇರುತ್ತದೆ. ಜೀವಭಯವಿದ್ದರೆ ಅಷ್ಟರೊಳಗೆ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ರಕ್ಷಣೆ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಯಾರಾದರೂ ಮನೆಯಲ್ಲಿ ಕೂಡಿಹಾಕಿದರೆ, ಹೊರಗಿರುವ ಸಂಗಾತಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೋರುವ ಅರ್ಜಿ) ಹಾಕಬಹುದು.