ರಷ್ಯನ್ ರೆಸ್ಟೋರೆಂಟ್‌ನಲ್ಲಿ ಹುಟ್ಟುಹಬ್ಬ: ಹೋಗಿ, ಆದರೆ ನಾಲ್ಕು ಗಂಟೆ ಇಟ್ಟುಕೊಂಡು ಹೋಗಿ

ನಿಮ್ಮ ಮಾವನವರ ಹುಟ್ಟುಹಬ್ಬಕ್ಕೆ ಮನೆಮಂದಿ ಎಂಟು ಜನ ರಷ್ಯನ್ ರೆಸ್ಟೋರೆಂಟ್‌ಗೆ ಹೋಗುವ ಯೋಚನೆಯಲ್ಲಿದ್ದೀರಿ. ಇಬ್ಬರು ಸಸ್ಯಾಹಾರಿಗಳು, ಇಬ್ಬರು ಮಕ್ಕಳು, ಯಾರೂ ಕುಡಿಯುವುದಿಲ್ಲ, ಇದು ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಸರಿಹೋಗುತ್ತದೆ. ನಾವೂ ಹೆಚ್ಚುಕಡಿಮೆ ಇದೇ ತರದ ಗುಂಪು ಕಟ್ಟಿಕೊಂಡು ನ್ಯೂಯಾರ್ಕಿನಲ್ಲಿ ರಷ್ಯನ್ ಮಾತಾಡುವವರೇ ತುಂಬಿರುವ ಬ್ರೈಟನ್ ಬೀಚ್ ಬಡಾವಣೆಗೆ ಹೋಗಿದ್ದೆವು, ನನ್ನ ಗಂಡನ ನಲವತ್ತನೇ ಹುಟ್ಟುಹಬ್ಬಕ್ಕೆ. ತುಂಬಾ ಚೆನ್ನಾಗಿತ್ತು. ಆದರೆ ಶುರುವಾಗಿದ್ದು ಎಡವಟ್ಟಿನಿಂದಲೇ.

ಎಡವಟ್ಟು ಏನಂದ್ರೆ, ನಾನು ನಲವತ್ತು ಅಂತ ಬಾಯಿಬಿಟ್ಟೆ. ಬಡಿಸಲು ಬಂದವರು ಅರವತ್ತರ ಆಸುಪಾಸಿನ ಹೆಂಗಸು, ಊರು ಉಕ್ರೇನಿನ ಒಡೆಸ್ಸಾ. ಯಾರ ಹುಟ್ಟುಹಬ್ಬ, ಎಷ್ಟು ತುಂಬಿತು ಅಂತ ನಗುತ್ತಲೇ ಕೇಳಿದರು. ನಾನು ಹೇಳಿದ ತಕ್ಷಣ ಅವರ ಪೆನ್ನು ನಿಂತುಹೋಯಿತು. ಗಂಡಸಿಗೆ ನಲವತ್ತು ಆಚರಿಸಬಾರದಂತೆ! ಅವರ ಕಡೆ ಸತ್ತವರಿಗೆ ನಲವತ್ತನೇ ದಿನ ಒಂದು ಸ್ಮರಣೆ ಇರುತ್ತದೆ, ಹಾಗಾಗಿ ಆ ಸಂಖ್ಯೆ ಅಂದ್ರೆ ಆಗುವುದಿಲ್ಲ. ನಾನು ಇದನ್ನು ಸುಮ್ನೆ ತಮಾಷೆಗೆ ಅಂತ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತು. ಅತ್ತೆ ಬ್ಯಾಗು ಎತ್ತಿಕೊಂಡು "ನಡೀರಿ, ಹೋಗೋಣ" ಅಂದರು. ಕೊನೆಗೆ ಆ ಹೆಂಗಸೇ ದಾರಿ ತೋರಿಸಿದರು: ಇವತ್ತು ಬರೀ ಊಟ, ಯಾರೂ ವಯಸ್ಸು ಎತ್ತುವ ಹಾಗಿಲ್ಲ, ಮುಗೀತು. ಎಲ್ಲ ರಷ್ಯನ್ನರೂ ಇದನ್ನು ನಂಬುತ್ತಾರೆ ಅಂತಲ್ಲ, ಆದರೆ ಗೊತ್ತಿಲ್ಲದವರು ಯಾರೂ ಇಲ್ಲ.

ಇದರ ಜೊತೆಗೇ ಇನ್ನೊಂದು: ಹುಟ್ಟುಹಬ್ಬ ಬುಧವಾರ ಇದ್ದರೆ ಅದರ ಹಿಂದಿನ ಶನಿವಾರಕ್ಕೆ ಬುಕ್ ಮಾಡಬೇಡಿ, ಮುಂದಿನ ಶನಿವಾರಕ್ಕೆ ಮಾಡಿ. ದಿನಕ್ಕೆ ಮುಂಚೆ ಶುಭಾಶಯ ಹೇಳುವುದು ಅಪಶಕುನ ಅಂತ ಅವರ ಲೆಕ್ಕ. ನಿಮಗೆ ಏನೂ ಆಗಬೇಕಿಲ್ಲ, ಆದರೆ ಬಡಿಸುವವರ ಮುಖ ಬಾಡುತ್ತದೆ, ಯಾಕೆ ಬೇಕು ಅಲ್ವಾ. ಹೂವು ತಗೊಂಡು ಹೋಗುವುದಾದರೆ ಐದೋ ಏಳೋ ಇರಲಿ. ಸಮಸಂಖ್ಯೆಯ ಹೂವು ಹೆಣದ ಮುಂದೆ ಇಡುವುದು.

ಈಗ ಊಟದ ವಿಷಯ. ದೊಡ್ಡ ಗುಂಪು ಅಂದ ಮೇಲೆ ಒಬ್ಬೊಬ್ಬರು ಒಂದೊಂದು ಪ್ಲೇಟ್ ಆರ್ಡರ್ ಮಾಡುವುದು ದಂಡ. ತಲೆಗೆ ಇಷ್ಟು ಅಂತ ಬ್ಯಾಂಕ್ವೆಟ್ ಮೆನು ಇರುತ್ತದೆ, ಅದನ್ನೇ ತಗೊಳ್ಳಿ. ನೀವು ಹೋಗಿ ಕೂರುವ ಹೊತ್ತಿಗೇ ಟೇಬಲ್ ಮೇಲೆ ಕೈಯಿಡಲು ಜಾಗ ಇರುವುದಿಲ್ಲ. ಉಪ್ಪಿನಲ್ಲಿಟ್ಟ ಸೌತೆಕಾಯಿ, ಟೊಮ್ಯಾಟೊ, ಅಣಬೆ, ಕಪ್ಪು ಬ್ರೆಡ್ಡು, ಹೊಗೆ ಹಾಕಿದ ಮೀನು, ನಾಲ್ಕೈದು ತರದ ಸಲಾಡ್, ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪು. ಇದಕ್ಕೆ ಝಕೂಸ್ಕಿ ಅನ್ನುತ್ತಾರೆ. ನಾವು ಇದೇ ಊಟ ಅಂದುಕೊಂಡು ಹೊಟ್ಟೆ ಬಿರಿಯುವಷ್ಟು ತಿಂದೆವು. ಆಮೇಲೆ ಬಿಸಿ ತಿಂಡಿ ಬಂತು, ಅದಾಗಿ ಒಂದು ಗಂಟೆ ಬಿಟ್ಟು ನಿಜವಾದ ಊಟ ಬಂತು. ನನ್ನ ಮೈದುನ ಕಬಾಬಿನ ತಟ್ಟೆಯನ್ನು ಸೋತವನ ಹಾಗೆ ನೋಡುತ್ತಾ ಕೂತಿದ್ದ. ಅಲ್ಲಿ ಅವಸರ ಮಾಡುವವರು ಯಾರೂ ಇಲ್ಲ. ಪಕ್ಕದ ಟೇಬಲಿನವರು ಎರಡು ತುತ್ತು ತಿನ್ನುವುದು, ಎದ್ದು ಕುಣಿಯುವುದು, ಮತ್ತೆ ಬಂದು ಎರಡು ತುತ್ತು ತಿನ್ನುವುದು ಮಾಡುತ್ತಿದ್ದರು. ಅದೇ ಸರಿಯಾದ ಕ್ರಮ ಅಂತ ನಮಗೆ ತಡವಾಗಿ ಗೊತ್ತಾಯಿತು.

ಆ ಸಲಾಡುಗಳಲ್ಲಿ ಒಂದರ ಹೆಸರು "ತುಪ್ಪಳದ ಕೋಟಿನ ಕೆಳಗಿನ ಹೆರಿಂಗ್". ಮೇಲಿನಿಂದ ನೋಡಿದರೆ ಕಡು ಗುಲಾಬಿ ಬಣ್ಣದ ಕೇಕ್. ನನ್ನ ಮಗಳು ಕೇಕ್ ಅಂತಲೇ ತಿಳಿದು ಚಮಚ ಇಳಿಸಿದಳು. ಒಳಗೆ ಪದರ ಪದರ: ಮೇಲೆ ತುರಿದ ಬೀಟ್‌ರೂಟ್, ನಡುವೆ ಕ್ಯಾರೆಟ್ಟು, ಆಲೂಗಡ್ಡೆ, ಮೇಯನೇಸ್, ತಳದಲ್ಲಿ ಉಪ್ಪು ಹಾಕಿದ ಹಸಿ ಮೀನು. ಅವಳ ಮುಖ ನೋಡಬೇಕಿತ್ತು! ಮಕ್ಕಳಿಗೆ ಮೊದಲೇ ಹೇಳಿಬಿಡಿ. ಅವರಿಗೆ ಹಿಡಿಸುವುದು ಓಲಿವ್ಯೆ ಸಲಾಡ್, ಬಟಾಣಿ ಆಲೂಗಡ್ಡೆ ಹಾಕಿದ್ದು. ಬೇರೆ ದೇಶಗಳಲ್ಲಿ ಇದನ್ನೇ ರಷ್ಯನ್ ಸಲಾಡ್ ಅನ್ನುವುದು. 1860ರ ದಶಕದಲ್ಲಿ ಮಾಸ್ಕೋದ ಎರ್ಮಿತಾಜ್ ಅನ್ನುವ ರೆಸ್ಟೋರೆಂಟ್‌ನಲ್ಲಿ ಲೂಸಿಯನ್ ಓಲಿವ್ಯೆ ಅನ್ನುವ ಬಾಣಸಿಗ ಮಾಡಿದ್ದು, ಆಗ ಅದು ಶ್ರೀಮಂತರ ತಿಂಡಿ. ಸೋವಿಯತ್ ಕಾಲದಲ್ಲಿ ದುಬಾರಿ ಮಾಂಸ ಹೋಗಿ ಸಾಸೇಜ್ ಬಂತು. ಅಂದರೆ ಸಸ್ಯಾಹಾರಿಗಳು ಇದನ್ನು ಮುಟ್ಟುವ ಹಾಗಿಲ್ಲ, ತರಕಾರಿ ಸಲಾಡಿನ ಹಾಗೆ ಕಂಡರೂ ಒಳಗೆ ಸಾಮಾನ್ಯವಾಗಿ ಸಾಸೇಜಿನದೋ ಮಾಂಸದ್ದೋ ಚೂರು ಇರುತ್ತದೆ.

ಸಸ್ಯಾಹಾರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾವು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ನಾನು "ಮಾಂಸ ಬೇಡ" ಅಂತ ಎರಡು ಸಲ ಹೇಳಿದ್ದೆ. ಅತ್ತೆಗೆ ಬೋರ್ಷ್ ಬಂತು, ಬೀಟ್‌ರೂಟ್ ಸೂಪು. ಮೇಲೆ ಹುಳಿ ಕೆನೆಯ ಒಂದು ಮುದ್ದೆ ನಿಧಾನಕ್ಕೆ ಕರಗಿ ಕೆಂಪಿನಲ್ಲಿ ಬಿಳಿ ಗೆರೆ ಎಳೆಯುತ್ತಿತ್ತು, ನೋಡಲು ಚೆಂದ. ಅತ್ತೆ ಚಮಚ ಎತ್ತಿದರು. ನನಗೆ ಯಾಕೋ ಅನುಮಾನ ಬಂದು ಇನ್ನೊಂದು ಸಲ ಕೇಳಿದೆ. "ಮಾಂಸ ಇಲ್ಲ, ತೆಗೆದುಬಿಟ್ಟಿದ್ದೇವೆ, ದನದ ಮೂಳೆ ಬೇಯಿಸಿದ ನೀರು ಮಾತ್ರ" ಅಂತ ಉತ್ತರ ಬಂತು. ಚಮಚ ಅಲ್ಲಿಗೇ ನಿಂತಿತು. ಅವರು ಸುಳ್ಳು ಹೇಳಿದ್ದಲ್ಲ ಬಿಡಿ, ಅವರ ಪ್ರಕಾರ ಮಾಂಸ ಅಂದರೆ ತುಂಡು. ಕೋಳಿ, ಮೀನು ಮಾಂಸವೇ ಅಲ್ಲ ಅನ್ನುವವರೂ ಸಿಗುತ್ತಾರೆ.

ಇದಕ್ಕೆ ನಾನು ಆಮೇಲೆ ಕಲಿತ ಮದ್ದು ಒಂದೇ ಪದ: "ಪೋಸ್ತ್ನೊಯೆ". ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಅಂತ ಅರ್ಥ. ಅದರಲ್ಲಿ ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲು ಬೆಣ್ಣೆಯೂ ಇಲ್ಲ. ಮೀನಿಗೆ ಮಾತ್ರ ಕೆಲವು ದಿನ ಅವಕಾಶ ಇರುವುದರಿಂದ ಮೀನೂ ಬೇಡ ಅಂತ ಸೇರಿಸಿ. ಈ ಪದ ಹೇಳಿದರೆ ಅಡುಗೆಮನೆಗೆ ತಟ್ಟನೆ ಅರ್ಥವಾಗುತ್ತದೆ, ಸಸ್ಯಾಹಾರಿ ಅಂತ ಹತ್ತು ಸಲ ವಿವರಿಸುವುದಕ್ಕಿಂತ ಮೇಲು. ಫೋನ್ ಮಾಡಿ ಬುಕ್ ಮಾಡುವಾಗಲೇ ಹೇಳಿ. ವಿನಿಗ್ರೆತ್ ಅನ್ನುವ ಬೀಟ್‌ರೂಟ್ ಸಲಾಡ್, ಆಲೂಗಡ್ಡೆಯೋ ಎಲೆಕೋಸೋ ತುಂಬಿದ ಕಡುಬಿನಂತಹ ವರೇನಿಕಿ, ಅಣಬೆ ಹಾಕಿದ ಗ್ರೇಚ್ಕ ಅಂದರೆ ಬಕ್‌ವೀಟ್ ಧಾನ್ಯ, ಇವೆಲ್ಲ ಸಿಗುತ್ತವೆ. ವರೇನಿಕಿ ಮೇಲೆ ಹುರಿದ ಹಂದಿಕೊಬ್ಬಿನ ಚೂರು ಉದುರಿಸುವ ಅಭ್ಯಾಸವಿದೆ, ಅದು ಬೇಡ ಅಂತ ಒಂದು ಮಾತು ಹೇಳಿ.

ಇನ್ನೊಂದು ಗುಟ್ಟು. ಹೆಸರಿಗೆ ರಷ್ಯನ್ ಅಂದರೂ ಇಂಥ ಕಡೆ ಮೆನುವಿನಲ್ಲಿ ಹಳೇ ಸೋವಿಯತ್ ಒಕ್ಕೂಟವೇ ಕೂತಿರುತ್ತದೆ. ಬೋರ್ಷ್, ವರೇನಿಕಿ ಉಕ್ರೇನಿನವು, ಪುಲಾವಿನಂತಹ ಪ್ಲೋವ್ ಉಜ್ಬೇಕಿಸ್ತಾನದ್ದು. (ಬೋರ್ಷ್ ರಷ್ಯದ್ದು ಅಂತ ಅಲ್ಲಿ ಬಾಯಿತಪ್ಪಿಯೂ ಹೇಳಬೇಡಿ. ಉಕ್ರೇನಿನ ಬೋರ್ಷ್ ಅಡುಗೆಯನ್ನು ಯುನೆಸ್ಕೊ 2022ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ಯುದ್ಧ ಶುರುವಾದ ಮೇಲೆ ಬ್ರೈಟನ್ ಬೀಚಿನಲ್ಲಿ ಬೋರ್ಡಿನಿಂದ ರಷ್ಯ ಅನ್ನುವ ಪದವನ್ನೇ ತೆಗೆಸಿದ ಅಂಗಡಿಯೂ ಉಂಟು.) ಸಸ್ಯಾಹಾರಿಗಳ ಪಾಲಿನ ಪುಣ್ಯ ಇರುವುದು ಜಾರ್ಜಿಯಾದ ಪುಟದಲ್ಲಿ. ಅಕ್ರೋಟಿನ ಹೂರಣ ಸುತ್ತಿದ ಬದನೆಕಾಯಿ, ಸೊಪ್ಪು ಅಕ್ರೋಟು ಅರೆದು ಮಾಡಿದ ಪ್ಖಾಲಿ, ಕೆಂಪು ಕಾಳಿನ ಲೋಬಿಯೊ, ಚೀಸ್ ತುಂಬಿದ ಬಿಸಿ ಖಚಪುರಿ. ದೋಣಿಯ ಆಕಾರದ ಖಚಪುರಿ ಮೇಲೆ ಹಸಿ ಮೊಟ್ಟೆ ಒಡೆದಿರುತ್ತಾರೆ, ಬೇಡವಾದರೆ ದುಂಡಗಿನ ಇಮೆರುಲಿ ಕೇಳಿ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರಾ ಅಂತಲೂ ಕೇಳಿಕೊಳ್ಳಿ. ಬೋರ್ಷ್ ವಾಪಸ್ ಹೋದ ಮೇಲೆ ಅತ್ತೆ ಬದನೆಕಾಯಿಯ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡವರು ಯಾರಿಗೂ ಕೊಡಲಿಲ್ಲ.

ಕುಡಿಯದಿರುವುದು ಸಮಸ್ಯೆಯೇ ಅಲ್ಲ. ಹಣ್ಣು ಕುದಿಸಿದ ಕೊಂಪೋತ್, ಕ್ರ್ಯಾನ್‌ಬೆರಿಯ ಮೋರ್ಸ್ ಜಗ್ಗುಗಟ್ಟಲೆ ತರಿಸಿ. ಕ್ವಾಸ್ ಹುಳಿ ಬರಿಸಿದ್ದು, ಚೂರು ಆಲ್ಕೋಹಾಲ್ ಇರುತ್ತದೆ, ಮನೆಯ ಹಿರಿಯರು ಕಟ್ಟುನಿಟ್ಟಾದರೆ ಬಿಟ್ಟುಬಿಡಿ. ಪಕ್ಕದ ಟೇಬಲಿನವರು ವೋಡ್ಕಾ ಹಿಡಿದು ನಿಮ್ಮನ್ನೂ ಎಳೆಯಲು ಬಂದರೆ "ಯಾ ಝ ರುಲ್ಯೋಮ್" ಅನ್ನಿ, ಕಾರು ಓಡಿಸಬೇಕು ಅಂತ. ಅದೊಂದಕ್ಕೆ ಮಾತ್ರ ಅವರು ಸುಮ್ಮನಾಗುತ್ತಾರೆ. ಆದರೆ ಟೋಸ್ಟ್ ತಪ್ಪಿಸಿಕೊಳ್ಳುವ ಹಾಗಿಲ್ಲ, ಯಾರಾದರೂ ಎದ್ದು ನಾಲ್ಕು ಮಾತಾಡಲೇಬೇಕು. ಮೊದಲನೆಯದು ಹುಟ್ಟುಹಬ್ಬದವರಿಗೆ, ಎರಡನೆಯದು ಅವರನ್ನು ಹೆತ್ತವರಿಗೆ. ಆ ಒಡೆಸ್ಸಾದ ಹೆಂಗಸು ಎರಡನೇ ಸರದಿಯಲ್ಲಿ ಅತ್ತೆಯ ಪಕ್ಕ ಬಂದು ನಿಂತು, ನಲವತ್ತು ವರ್ಷದ ಹಿಂದೆ ಈ ದಿನ ಕಷ್ಟಪಟ್ಟವರು ಇವರು, ಅವನಲ್ಲ, ಅಂದರು. ನಲವತ್ತು ಅನ್ನುವ ಪದ ಆಡಬಾರದು ಅಂತ ಕಾನೂನು ಮಾಡಿದವರೇ ಅದನ್ನು ಮುರಿದರು. ನಾನು ಅನುವಾದ ಮಾಡುವ ಮುಂಚೆಯೇ ಅತ್ತೆಗೆ ಅರ್ಥವಾಗಿತ್ತು, ಕೊಂಪೋತ್ ಲೋಟ ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿ ಕೂತಿದ್ದರು.

ಗಲಾಟೆಗೆ ತಯಾರಾಗಿ ಹೋಗಿ. ವಾರಾಂತ್ಯದಲ್ಲಿ ಹಾಡುವವರು, ಕುಣಿಯುವವರು ಎಲ್ಲ ಇರುತ್ತಾರೆ, ನಮ್ಮ ಟೇಬಲ್ ಸ್ಪೀಕರ್ ಬುಡದಲ್ಲೇ ಇತ್ತು, ಒಂದು ಗಂಟೆ ಎಲ್ಲರೂ ಸನ್ನೆಯಲ್ಲೇ ಮಾತಾಡಿದೆವು. ಯಾವುದೋ ಟೇಬಲಿನಲ್ಲಿ ಮದುವೆ ಪಾರ್ಟಿ, "ಗೋರ್ಕೊ, ಗೋರ್ಕೊ" ಅಂತ ಕೂಗು. ಕಹಿ ಅಂತ ಅರ್ಥ, ಕಹಿ ಹೋಗಲಾಡಿಸಲು ಹೊಸ ಜೋಡಿ ಎಲ್ಲರೆದುರು ಮುತ್ತು ಕೊಡಬೇಕು. ಆ ಕೂಗಿನ ಅರ್ಥ ನಾನು ಅತ್ತೆಗೆ ಹೇಳಲಿಲ್ಲ.

ಕೇಕ್ ಹೊರಗಿಂದ ತರಬೇಡಿ, ಅವರ ಜೇನಿನ ಮೆದೋವಿಕ್ ತರಿಸಿ, ತೆಳು ತೆಳು ಪದರ, ನಡುವೆ ಹುಳಿ ಕೆನೆ, ಜಾಸ್ತಿ ಸಿಹಿ ಇಲ್ಲ. ಮೊಟ್ಟೆ ಇರುತ್ತದೆ, ಅದು ಗೊತ್ತಿರಲಿ. ನಾವು ನಾಲ್ಕು, ಸೊನ್ನೆ ಅಂತ ಎರಡು ಮೇಣದ ಬತ್ತಿ ಒಯ್ದಿದ್ದೆವು. ಆ ಹೆಂಗಸು ಸೊನ್ನೆಯನ್ನು ತಮ್ಮ ಏಪ್ರನ್ ಜೇಬಿಗೆ ಹಾಕಿಕೊಂಡು ನಾಲ್ಕನ್ನು ಮಾತ್ರ ಚುಚ್ಚಿ ತಂದರು. ಅಪ್ಪನಿಗೆ ನಾಲ್ಕು ವರ್ಷ ಅಂತ ಮಗಳು ಈಗಲೂ ಹೇಳಿಕೊಂಡು ತಿರುಗುತ್ತಾಳೆ.

ಬಿಲ್ ಬಂದಾಗ ಟಿಪ್ ಆಗಲೇ ಸೇರಿಸಿದ್ದಾರಾ ನೋಡಿ, ದೊಡ್ಡ ಗುಂಪಾದರೆ ಸೇರಿಸಿರುತ್ತಾರೆ, ಗಮನಿಸದಿದ್ದರೆ ಎರಡು ಸಲ ಕೊಡುತ್ತೀರಿ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಳ್ಳಿ, ನಮಗೆ ಎರಡು ದಿನ ಆಯಿತು. ನಿಮ್ಮ ಮಾವನವರಿಗೆ ಎಷ್ಟು ತುಂಬುತ್ತದೆ ಅಂತ ನೀವು ಬರೆದಿಲ್ಲ. ನಲವತ್ತಂತೂ ಆಗಿರಲಿಕ್ಕಿಲ್ಲ, ಧೈರ್ಯವಾಗಿ ಬುಕ್ ಮಾಡಿ. ಸ್ಪೀಕರ್‌ನಿಂದ ದೂರದ ಟೇಬಲ್ ಬೇಕು ಅಂತ ಮಾತ್ರ ಫೋನಿನಲ್ಲೇ ಹೇಳಿಬಿಡಿ.