ಮೆದೊಕ್ ವೈನಿನ ಒಗರು ಮತ್ತು ಊಟದ ತಟ್ಟೆ

ಪ್ರಶ್ನೆ: ಫ್ರಾನ್ಸಿನ ಬೋರ್ಡೊದಲ್ಲಿರುವ ಮಗಳ ಮನೆಗೆ ನಾನೂ ಪತ್ನಿಯೂ ಎರಡನೆಯ ಬಾರಿಗೆ ಹೋಗುತ್ತಿದ್ದೇವೆ. ಹಿಂದಿನ ಸಲ ಮೆದೊಕ್ ಪ್ರದೇಶದ ಕೆಂಪು ವೈನನ್ನು ರುಚಿ ನೋಡಿದಾಗ ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯೆಲ್ಲ ಒಗರಾಗಿ ಒಣಗಿತು. ವೈನ್ ಕೆಟ್ಟಿತ್ತೇ? ಅದನ್ನು ಯಾವ ಊಟದೊಂದಿಗೆ ಕುಡಿಯಬೇಕು? ಪತ್ನಿ ಸಸ್ಯಾಹಾರಿ.
– ಹೆಸರು ಬೇಡ, ಮೈಸೂರು

ಉತ್ತರ: ಕೆಟ್ಟಿರಲಾರದು. ಬಿರಡೆಯ ದೋಷದಿಂದ ಕೆಟ್ಟ ವೈನಿಗೆ ಒದ್ದೆ ರಟ್ಟಿನ ಮುಗ್ಗಲು ವಾಸನೆ ಇರುತ್ತದೆ. ಒಗರು ಅದರ ಲಕ್ಷಣವಲ್ಲ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದಲೂ ಸ್ವಲ್ಪಮಟ್ಟಿಗೆ ಓಕ್ ಪೀಪಾಯಿಯಿಂದಲೂ ಬರುವ ಟ್ಯಾನಿನ್ ಎಂಬ ಒಗರು ಪದಾರ್ಥ, ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳೊಂದಿಗೆ ಕೂಡಿಕೊಂಡು ಬಾಯಿಯ ಜಾರುತನವನ್ನು ಕಡಿಮೆ ಮಾಡುವುದರಿಂದ ಹಾಗೆ ಒಣಗಿದಂತೆ ಅನಿಸುತ್ತದೆ. ಜಿರೋಂದ್ ನದಿಮುಖದ ಎಡದಂಡೆಯಲ್ಲಿರುವ ಮೆದೊಕ್‌ನಲ್ಲಿ ದಪ್ಪ ಸಿಪ್ಪೆಯ ಕಾಬರ್ನೆ ಸೊವಿನ್ಯೋ ದ್ರಾಕ್ಷಿಗೆ ಪ್ರಾಧಾನ್ಯವಿರುವುದರಿಂದ ಅಲ್ಲಿನ ಎಳೆಯ ವೈನಿನಲ್ಲಿ ಒಗರು ಹೆಚ್ಚು. ಬಲದಂಡೆಯ ಸೇಂತ್ ಎಮಿಲಿಯೊಂ, ಪೊಮೆರೊಲ್‌ಗಳಲ್ಲಿ ಮೆರ್ಲೊ ದ್ರಾಕ್ಷಿಯದೇ ಮೇಲುಗೈಯಾದ್ದರಿಂದ ಅವು ಸಾಮಾನ್ಯವಾಗಿ ಮೃದು. ಹೊಸಬರು ಅಲ್ಲಿಂದ ಆರಂಭಿಸುವುದು ಲೇಸೆಂಬುದು ನನ್ನ ಅಭಿಪ್ರಾಯ.

ವೈನನ್ನು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸಬೇಕು; ಬೇಸಿಗೆಯ ಕೋಣೆಯ ಬಿಸಿಯಲ್ಲಿ ಮದ್ಯಸಾರದ ಘಾಟೇ ಮುಂದಾಗುತ್ತದೆ, ತೀರಾ ತಣ್ಣಗಾದರೆ ಒಗರು ಇನ್ನಷ್ಟು ಚುಚ್ಚುತ್ತದೆ. ಲೋಟದ ಮೂರನೆಯ ಒಂದು ಭಾಗದಷ್ಟು ಮಾತ್ರ ಸುರಿದು, ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡಿ: ನೇರಳೆ ಛಾಯೆಯಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಮಾಗಿದ್ದು. ಮೊದಲು ಅಲುಗಿಸದೆ, ಆಮೇಲೆ ಲೋಟವನ್ನು ತಿರುಗಿಸಿ ಮೂಸಿರಿ. ಕಪ್ಪು ಕರಂಟ್, ದೇವದಾರು, ಹೊಗೆಸೊಪ್ಪು ಎಂದು ಬಲ್ಲವರು ಪಟ್ಟಿ ಕೊಡುತ್ತಾರೆ. ಅವೆಲ್ಲ ನಿಮಗೆ ಸಿಗದಿದ್ದರೆ ಸಂಕೋಚ ಬೇಡ. ಒಂದು ಗುಟುಕನ್ನು ಬಾಯಲ್ಲಿ ಕೆಲವು ಕ್ಷಣ ಹೊರಳಿಸಿ, ಹುಳಿ, ಒಗರು, ನುಂಗಿದ ಮೇಲೂ ಉಳಿಯುವ ರುಚಿ, ಈ ಮೂರನ್ನು ಗಮನಿಸಿದರೆ ಸಾಕು. ಬಳಿಕ ಒಂದು ತುತ್ತು ತಿಂದು ಅದೇ ವೈನನ್ನು ಮತ್ತೊಮ್ಮೆ ಕುಡಿಯಿರಿ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಗುಟುಕೇ ನಿಜವಾದ ಪರೀಕ್ಷೆ, ಏಕೆಂದರೆ ಈ ವೈನ್ ಊಟಕ್ಕೆಂದೇ ಆದದ್ದು.

ಮಾಂಸದ ಪ್ರೋಟೀನು, ಕೊಬ್ಬು ಮತ್ತು ಉಪ್ಪು ಒಗರನ್ನು ತಗ್ಗಿಸುತ್ತವೆ. ಮೆದೊಕ್‌ನ ಊರಾದ ಪೊಯಾಕ್‌ನ ಕುರಿಮರಿ ಮಾಂಸವೂ, ದ್ರಾಕ್ಷಿಬಳ್ಳಿಯ ಕಡ್ಡಿಗಳ ಕೆಂಡದ ಮೇಲೆ ಸುಟ್ಟ ಗೋಮಾಂಸವೂ ಆ ಪ್ರದೇಶದಲ್ಲಿ ಇದರ ಜೊತೆಗಾರರಾಗಿರುವುದು ಅದಕ್ಕೇ. ನಿಮ್ಮ ಪತ್ನಿಯವರಿಗೆ ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿ ಹುರಿಯುವ ಸೆಪ್ ಅಣಬೆ ಬೋರ್ಡೊದ್ದೇ ಪ್ರಸಿದ್ಧ ಅಡುಗೆ. ಚೀಸ್‌ಗಳಲ್ಲಿ ಮಾಗಿದ, ಗಟ್ಟಿಯಾದ ಕೊಂತೆ ಅಥವಾ ಮಿಮೊಲೆಟ್ ಹೊಂದುತ್ತವೆ. ಆದರೆ ಕಟ್ಟುನಿಟ್ಟಿನವರಾದರೆ, ಕೊಂತೆಯ ಹಾಲನ್ನು ಗಟ್ಟಿಗೊಳಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆಂಬುದನ್ನು ತಿಳಿದಿರಲಿ. ಕೆಂಪು ವೈನಿನೊಂದಿಗೆ ಕಾಮಂಬೇರ್‌ನಂತಹ ಮೆತ್ತನೆಯ ಚೀಸ್ ತಿನ್ನುವ ರೂಢಿ ಫ್ರಾನ್ಸಿನಲ್ಲಿ ವ್ಯಾಪಕವಾಗಿದ್ದರೂ, ಮೆದೊಕ್‌ನ ಒಗರಿಗೆ ಅದು ಕಹಿ ಬೆರೆಸುತ್ತದೆಂದೇ ನಾನು ಹೇಳುತ್ತೇನೆ. ಒಗರಿನ ವೈನಿನ ಜೊತೆ ಮೀನು ಲೋಹದ ರುಚಿ ಕೊಡಬಹುದು. ಮೆಣಸಿನಕಾಯಿಯ ಖಾರವಂತೂ ಮದ್ಯಸಾರದ ಉರಿಯನ್ನು ಹೆಚ್ಚಿಸುವುದರಿಂದ, ಮಗಳು ಅಂದು ಸಾರು ಮಾಡಿದ್ದರೆ ಬಾಟಲಿಯನ್ನು ಮರುದಿನಕ್ಕೆ ಇಟ್ಟುಬಿಡಿ.

ಪ್ರಶ್ನೆ: ವೈನಿಗೆ ಮೊಟ್ಟೆ ಹಾಕುತ್ತಾರೆಂದು ಪತ್ನಿ ಎಲ್ಲಿಯೋ ಓದಿದ್ದಾರೆ. ಇದು ನಿಜವೇ?

ಉತ್ತರ: ನಿಜ. ಒರಟು ಟ್ಯಾನಿನನ್ನು ತಳಕ್ಕಿಳಿಸಿ ವೈನನ್ನು ತಿಳಿಗೊಳಿಸಲು, 225 ಲೀಟರಿನ ಪೀಪಾಯಿಗೆ ಕೆಲವು ಮೊಟ್ಟೆಗಳ ಬಿಳಿಭಾಗವನ್ನು ಹಾಕುವುದು ಬೋರ್ಡೊದ ಹಳೆಯ ಪದ್ಧತಿ. ತಳದ ಮಡ್ಡಿಯನ್ನು ಬಿಟ್ಟು ವೈನನ್ನು ಬೇರೆಡೆಗೆ ಬಸಿಯುತ್ತಾರೆ. ಮೊಟ್ಟೆಯ ಅಂಶ ಪತ್ತೆಯಾಗುವಷ್ಟು ಉಳಿದಿದ್ದರೆ ಲೇಬಲ್ಲಿನಲ್ಲಿ ನಮೂದಿಸಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2012ರಿಂದ ಇದೆಯಾದರೂ, ನಮೂದಿಸಿಲ್ಲ ಎಂದ ಮಾತ್ರಕ್ಕೆ ಬಳಸಿಲ್ಲವೆಂದು ತಿಳಿಯುವಂತಿಲ್ಲ; ಇದೇ ಕೆಲಸಕ್ಕೆ ಪ್ರಾಣಿಜನ್ಯ ಜೆಲಟಿನ್ನನ್ನೂ ಬಳಸುವುದುಂಟು. ಬಟಾಣಿಯ ಪ್ರೋಟೀನು ಅಥವಾ ಬೆಂಟೊನೈಟ್ ಜೇಡಿಯನ್ನು ಬಳಸುವವರೂ ಇರುವುದರಿಂದ, ಅಂಗಡಿಯಲ್ಲಿ ವೀಗನ್ ಎಂದು ನಮೂದಿಸಿದ ಬಾಟಲಿಯನ್ನೇ ಕೇಳಿ ಪಡೆಯಿರಿ. ಅಂದಹಾಗೆ, ಹೀಗೆ ಉಳಿದ ಹಳದಿಯಿಂದಲೇ ಕನೆಲೆ ಎಂಬ ಸಿಹಿತಿನಿಸು ಹುಟ್ಟಿತೆಂದು ಆ ಊರಿನವರು ಹೇಳುವುದುಂಟು. ಅದರಲ್ಲಿ ಮೊಟ್ಟೆಯಷ್ಟೇ ಅಲ್ಲ, ರಮ್ ಕೂಡ ಇರುತ್ತದೆ.